ದುರ್ಗದ ಬಿಸಿಲಿಗೆ ಎಷ್ಟು ಸ್ಟಾರ್?

ಹಿರಿಯೂರಿನ ಅಕ್ಕನ ಮನೆ. ಏಪ್ರಿಲ್ ಕೊನೆಯ ವಾರ, ರಾತ್ರಿ ಹತ್ತು ಗಂಟೆ. ಊಟ ಮುಗಿಸಿದ ಭಾವ ಬಕೆಟ್ ಹಿಡಿದು ತಾರಸಿ ಹತ್ತಿದರು, ಹಿಂದೆಯೇ ನಾನೂ ಹೋದೆ. ಬರಿಗಾಲಲ್ಲಿ ನಿಂತರೆ ನೆಲ ಇನ್ನೂ ಬೆಚ್ಚಗಿದೆ, ದೋಸೆ ಹುಯ್ದು ಮುಗಿಸಿ ಇಳಿಸಿಟ್ಟ ಕಾವಲಿಯ ಹಾಗೆ. ಒಂದು ಬಕೆಟ್ ಚೆಲ್ಲಿದ್ದಕ್ಕೆ ಹಸಿ ಸಿಮೆಂಟಿನ ವಾಸನೆ ಎದ್ದಿತು. ಎರಡನೇ ಬಕೆಟ್ ತರುವಷ್ಟರಲ್ಲಿ ಅರ್ಧ ನೆಲ ಒಣಗಿತ್ತು. ಮೇಲೆ ಗಾಳಿ ಪರವಾಗಿಲ್ಲ ಎನ್ನುವಷ್ಟು ತಣ್ಣಗಿತ್ತು. ಕೆಳಗೆ ರೂಮಿಗೆ ಬಂದರೆ ಮಾತ್ರ ಸೂರಿನಿಂದ ಯಾರೋ ಮುಖದ ಮೇಲೆ ಉಸಿರು ಬಿಟ್ಟಂತಹ ಧಗೆ. ಫ್ಯಾನು ಐದರಲ್ಲಿ ತಿರುಗಿ ಅದೇ ಬಿಸಿಯನ್ನು ನೆತ್ತಿಯ ಮೇಲೆ ಸುರಿಯುತ್ತಿತ್ತು.

"ಈ ಸಲ ಎಸಿ ಹಾಕ್ಸಿಬಿಡಾಣ ಕಣೋ. ನೀನೇ ಬಂದು ನೋಡಿ ಕೊಡ್ಸು," ಎಂದಳು ಅಕ್ಕ.

ಭಾವನವರು ಬಕೆಟ್ ಮೂಲೆಗಿಟ್ಟು, "ಈಗ ಕರೆಂಟ್ ಬಿಲ್ ಹೆಚ್ಚೂಕಮ್ಮಿ ಸೊನ್ನೆ ಬರ್ತೈತೆ. ಆಮೇಲೆ ಯಾರು ಕಟ್ತಾರೆ?" ಎಂದರು.

ಎರಡೂ ಮಾತು ಸರಿಯೇ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಎಲ್ಲಿ ಹೋದರೂ ಬೇಸಿಗೆಯ ರಾತ್ರಿ ಇದೇ ಮಾತುಕತೆ. ಹತ್ತು ವರ್ಷದ ಹಿಂದೆ ಎಸಿ ಎಂದರೆ ಬ್ಯಾಂಕಿನ ಎಟಿಎಂ, ಲಾಡ್ಜಿನ ಡೀಲಕ್ಸ್ ರೂಮು, ಹೆಚ್ಚೆಂದರೆ ಡಾಕ್ಟರ ಮನೆ. ಈಗ ಮೇಷ್ಟರ ಮನೆಯ ಗೋಡೆಯ ಮೇಲೂ ಬಿಳಿ ಡಬ್ಬಿ ನೇತಾಡುತ್ತದೆ. 2022ರ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರ 89 ವರ್ಷಗಳ ಮೇಲೆ ಕೋಡಿ ಬಿದ್ದಾಗ, ಇನ್ನು ಊರು ತಂಪಾಗುತ್ತದೆ ಎಂದು ಹಿರಿಯೂರಿನಲ್ಲಿ ಹೇಳಿದವರಿದ್ದರು. ಬೇಸಿಗೆ ಆ ಮಾತನ್ನು ಕೇಳಿಸಿಕೊಂಡಂತಿಲ್ಲ.

ಮರುವಾರ ಚಿತ್ರದುರ್ಗದ ಬಿ.ಡಿ. ರಸ್ತೆಯ ಒಂದು ಅಂಗಡಿಗೆ ಅಕ್ಕ-ಭಾವನನ್ನು ಕರೆದುಕೊಂಡು ಹೋದೆ. ಅಂಗಡಿ ಹುಡುಗ ಚುರುಕು. "ಎಷ್ಟು ಟನ್ ಸರ್? ಒಂದೂವರೆ ತಗಳ್ರಿ, ಎಲ್ರೂ ಅದೇ ತಗಳಾದು. ಫೈವ್ ಸ್ಟಾರ್ ತಗಂಡ್ರೆ ಮೂರೇ ವರ್ಷಕ್ಕೆ ದುಡ್ಡು ವಾಪಸ್," ಎಂದ. ತ್ರೀ ಸ್ಟಾರಿಗೂ ಫೈವ್ ಸ್ಟಾರಿಗೂ ಎಂಟು ಸಾವಿರ ವ್ಯತ್ಯಾಸ. ಮೂರು ವರ್ಷ ಎಂಬುದು ಎಲ್ಲಿಂದ ಬಂತು ಎಂದು ಕೇಳಿದೆ. ಲೇಬಲ್ಲಿನ ಕಡೆ ಬೆರಳು ತೋರಿಸಿದ.

ಲೇಬಲ್ಲಿನಲ್ಲಿರುವ ಊರು ಯಾವುದು?

ಎಲ್ಲರೂ ಎಸಿಯ ಮೇಲಿನ ಆ ಲೇಬಲ್ಲಿನಲ್ಲಿ ನಕ್ಷತ್ರ ಎಣಿಸುತ್ತಾರೆ. ಕೆಳಗಿನ ಸಣ್ಣಕ್ಷರ ಓದುವವರು ಕಡಿಮೆ. ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೊ, ಅಂದರೆ ಬಿಇಇ, 2006ರಲ್ಲಿ ಈ ನಕ್ಷತ್ರದ ಪದ್ಧತಿ ತಂದಿತು. 2010ರಿಂದ ಎಸಿಗೆ ಇದು ಕಡ್ಡಾಯ. 2018ರಿಂದ ಎಲ್ಲ ಎಸಿಗಳನ್ನೂ ಐಎಸ್‌ಇಇಆರ್ ಎಂಬ ಒಂದೇ ಅಳತೆಗೋಲಿನಿಂದ ಅಳೆಯುತ್ತಾರೆ. ಹೆಸರು ಬಾಯಿಗೆ ಹೊಂದುವುದಿಲ್ಲ, ಅರ್ಥ ಮಾತ್ರ ಸರಳ: ವರ್ಷವಿಡೀ ರೂಮಿನಿಂದ ಹೊರಗೆ ಹಾಕಿದ ಬಿಸಿಯನ್ನು, ಅದಕ್ಕಾಗಿ ಸುಟ್ಟ ಕರೆಂಟಿನಿಂದ ಭಾಗಿಸಿದರೆ ಬರುವ ಅಂಕಿ. ಐದು ಬಂದರೆ ಒಂದು ಯೂನಿಟ್ ಕರೆಂಟಿಗೆ ಐದು ಯೂನಿಟ್ ಬಿಸಿ ಆಚೆ ಹೋಯಿತು ಎಂದು ಲೆಕ್ಕ.

ಇನ್ನೊಂದು ಸಂಗತಿಯನ್ನು ಅಂಗಡಿಯವರು ಹೇಳುವುದಿಲ್ಲ. ನಕ್ಷತ್ರದ ಬೆಲೆ ಕೆಲವು ವರ್ಷಕ್ಕೊಮ್ಮೆ ಇಳಿಯುತ್ತದೆ. 2018ರ ಪಟ್ಟಿಯಲ್ಲಿ ಸ್ಪ್ಲಿಟ್ ಎಸಿಗೆ 4.5 ಇದ್ದರೆ ಐದು ಸ್ಟಾರ್. 2022ರ ಜುಲೈನಿಂದ ಐದು ಸ್ಟಾರಿಗೆ 5.0 ಬೇಕಾಯಿತು, 4.5ರ ಯಂತ್ರ ನಾಲ್ಕಕ್ಕೆ ಇಳಿಯಿತು. 2026ರ ಜನವರಿಯಿಂದ ಪಟ್ಟಿ ಇನ್ನೊಂದು ಸುತ್ತು ಬಿಗಿಯಾಗಿದೆ. ಹೀಗಾಗಿ "ಹಳೇ ಸ್ಟಾಕು, ಫೈವ್ ಸ್ಟಾರು, ಕಡಿಮೆಗೆ ಕೊಡ್ತೀನಿ" ಎಂದರೆ ಯಾವ ವರ್ಷದ ಸ್ಟಾರು ಎಂದು ಕೇಳಬೇಕು. ಲೇಬಲ್ಲಿನ ಮೇಲೆ ಅವಧಿ ಅಚ್ಚಾಗಿರುತ್ತದೆ. ನಾನಾದರೆ ನಕ್ಷತ್ರ ಎಣಿಸುವುದನ್ನೇ ಬಿಟ್ಟು, ಆ ಅಂಕಿ ಮತ್ತು ಅದರ ಜೊತೆಗಿರುವ 'ವರ್ಷಕ್ಕೆ ಇಷ್ಟು ಯೂನಿಟ್' ಎಂಬ ಸಾಲನ್ನು ಬರೆದುಕೊಂಡು ಬರುತ್ತೇನೆ.

ಎಡವುವುದು ಆ ಸಾಲಿನಲ್ಲೇ. ವರ್ಷಕ್ಕೆ ಇಷ್ಟು ಯೂನಿಟ್ ಎಂದರೆ ಎಷ್ಟು ಗಂಟೆ ಓಡಿಸಿದರೆ? ಬಿಇಇ ಲೆಕ್ಕಕ್ಕೆ ಹಿಡಿದಿರುವುದು 1,600 ಗಂಟೆ. ಹೊರಗಿನ ಉಷ್ಣಾಂಶ 24 ಡಿಗ್ರಿಯಿಂದ 43 ಡಿಗ್ರಿವರೆಗೆ ಎಷ್ಟೆಷ್ಟು ಹೊತ್ತು ಇರುತ್ತದೆ ಎಂದು ದೇಶದ ಹವೆಯನ್ನೆಲ್ಲ ಕಲಸಿ ಮಾಡಿದ ಒಂದು ಸರಾಸರಿ. ಆ ಸರಾಸರಿಯ ಊರು ಭೂಪಟದಲ್ಲಿ ಎಲ್ಲೂ ಇಲ್ಲ. ದೆಹಲಿಯೂ ಅಲ್ಲ, ಚೆನ್ನೈಯೂ ಅಲ್ಲ, ಹಿರಿಯೂರಂತೂ ಖಂಡಿತ ಅಲ್ಲ.

ನಮ್ಮ ಕಡೆಯ ಹವೆಯೇ ಬೇರೆ. ಚಿತ್ರದುರ್ಗ ಸಮುದ್ರಮಟ್ಟದಿಂದ 700 ಮೀಟರಿಗೂ ಎತ್ತರದಲ್ಲಿದೆ. ಏಪ್ರಿಲಿನ ಮಧ್ಯಾಹ್ನ 37-38 ಡಿಗ್ರಿ ಕಾಸಿದರೂ ನಡುರಾತ್ರಿ ಕಳೆದ ಮೇಲೆ ಬಯಲಿನಲ್ಲಿ ಗಾಳಿ ತಣ್ಣಗಾಗುತ್ತದೆ. ಶಿವರಾತ್ರಿ ಕಳೆದು ಸೆಕೆ ಏರಲು ಶುರುವಾದರೆ ರೋಹಿಣಿ ಮಳೆ ಬೀಳುವವರೆಗೆ, ಹೆಚ್ಚೆಂದರೆ ಎಪ್ಪತ್ತೈದು ರಾತ್ರಿ. ಜೂನ್ ಬಂತೆಂದರೆ ಜೋಗಿಮಟ್ಟಿ ಬೆಟ್ಟದ ಕಡೆಯಿಂದ ಬೀಸುವ ಗಾಳಿಗೆ ಒಣಗಲು ಹಾಕಿದ ಬಟ್ಟೆ ಪಕ್ಕದ ಬೀದಿಯಲ್ಲಿ ಸಿಗುತ್ತದೆ. ನವೆಂಬರಿನಲ್ಲಿ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ ನಾಟಕೋತ್ಸವಕ್ಕೆ ಹೋದವರು ಬಯಲು ರಂಗಮಂದಿರದಲ್ಲಿ ಶಾಲು ಹೊದ್ದು ಕೂರುತ್ತಾರೆ. ಇಂಥ ಕಡೆ 1,600 ಗಂಟೆ ಎಸಿ ಓಡಿಸುವವರು ಯಾರು?

ಅಂಗಡಿಯ ಬಿಲ್ ಪುಸ್ತಕದ ಹಿಂದೆಯೇ ಲೆಕ್ಕ ಹಾಕಿದೆವು. ಅಕ್ಕನ ಮನೆಯಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ, ಏಳು ಗಂಟೆ. ಎಪ್ಪತ್ತೈದು ರಾತ್ರಿಗೆ 525 ಗಂಟೆ. ಲೇಬಲ್ಲಿನವರು ಹೇಳುವುದರ ಮೂರನೇ ಒಂದು ಪಾಲು. ಒಂದೂವರೆ ಟನ್ನಿನ ತ್ರೀ ಸ್ಟಾರ್ ವರ್ಷಕ್ಕೆ ಸುಮಾರು 1,000 ಯೂನಿಟ್ ತಿಂದರೆ ಫೈವ್ ಸ್ಟಾರ್ 780ರ ಆಸುಪಾಸು. ಉಳಿತಾಯ 220 ಯೂನಿಟ್. ಅದರ ಮೂರನೇ ಒಂದು ಭಾಗ 73. ತೆರಿಗೆ, ಸರ್‌ಚಾರ್ಜು ಸೇರಿಸಿ ಯೂನಿಟ್ಟಿಗೆ 7 ರೂಪಾಯಿ ಹಿಡಿದರೂ ವರ್ಷಕ್ಕೆ 510 ರೂಪಾಯಿ. ಎಂಟು ಸಾವಿರ ವಾಪಸ್ ಬರಲು ಹದಿನೈದು ವರ್ಷ ಬೇಕು. ಅಷ್ಟು ಹೊತ್ತಿಗೆ ಎಸಿಯೇ ಗುಜರಿಗೆ ಹೋಗಿರುತ್ತದೆ.

ಹುಡುಗ ತಲೆ ಕೆರೆದುಕೊಂಡ. ಭಾವನವರ ಮುಖ ಅರಳಿತು. "ನೋಡ್ದಾ, ನಾನ್ ಹೇಳಿಲ್ವಾ," ಎಂದು ಅಕ್ಕನ ಕಡೆ ತಿರುಗಿದರು, ತಾವು ಏನೂ ಹೇಳಿರದಿದ್ದರೂ.

ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿದ್ದು ಹಗಲೂ ರಾತ್ರಿ ಓಡಿಸಬೇಕಾದರೆ ಲೆಕ್ಕ ತಿರುಗುತ್ತದೆ. ಮುಂಭಾಗದಲ್ಲಿ ಬ್ಯೂಟಿ ಪಾರ್ಲರ್ ಇಟ್ಟವರು, ಮಹಡಿಯ ಮೇಲೆ ಟ್ಯೂಶನ್ ನಡೆಸುವವರು ಕಣ್ಣು ಮುಚ್ಚಿ ಫೈವ್ ಸ್ಟಾರ್ ತಗೊಳ್ಳಬಹುದು. ಬರೀ ಮಲಗುವ ರೂಮಿಗೆ, ಎರಡೂವರೆ ತಿಂಗಳಿಗೆ ಎಂದಾದರೆ ತ್ರೀ ಸ್ಟಾರ್ ತಗೊಂಡು ಉಳಿದ ಎಂಟು ಸಾವಿರವನ್ನು ತಾರಸಿಗೆ ಹಾಕುವುದು ಮೇಲು. ಅಷ್ಟಕ್ಕೇ ಮುಗಿಸಿ ಏಳುವವನಿದ್ದೆ. ಆಗ ಅಕ್ಕ ಬ್ಯಾಗಿನಿಂದ ಬೆಸ್ಕಾಂ ಬಿಲ್ಲು ತೆಗೆದು ಮೇಜಿನ ಮೇಲಿಟ್ಟಳು.

ಇನ್ನೂರರ ಗೆರೆ

ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆ ಬಂದದ್ದು 2023ರಲ್ಲಿ. 2022-23ರಲ್ಲಿ ಮನೆಯವರು ತಿಂಗಳಿಗೆ ಸರಾಸರಿ ಎಷ್ಟು ಉರಿಸಿದ್ದರೋ ಅದಕ್ಕೆ ಶೇ 10 ಸೇರಿಸಿ, ಅಷ್ಟು ಯೂನಿಟ್ ಉಚಿತ. ತೀರ ಕಡಿಮೆ ಬಳಸುತ್ತಿದ್ದವರಿಗೆ ಆಮೇಲೆ ಶೇಕಡಾವಾರು ಬದಲು ಹತ್ತು ಯೂನಿಟ್ ಹೆಚ್ಚುವರಿ ಎಂದು ಬದಲಾಯಿಸಿದರು. ಉಚಿತದ ಮಿತಿ ದಾಟಿದರೆ ದಾಟಿದಷ್ಟಕ್ಕೆ ದುಡ್ಡು. ಆದರೆ ತಿಂಗಳಲ್ಲಿ 200 ಯೂನಿಟ್ ಮೀರಿದರೆ ಆ ತಿಂಗಳ ಉಚಿತವೇ ಹೋಯಿತು, ಮೊದಲ ಯೂನಿಟ್ಟಿನಿಂದ ಪೂರ್ತಿ ಬಿಲ್ಲು.

ಅಕ್ಕನ ಮನೆಯ ಸರಾಸರಿ 95. ಉಚಿತ 104. ಎಸಿ ಇಲ್ಲದೆ ಅವರು ಬಳಸುವುದು ಸುಮಾರು 105. ಈಗ ಏಪ್ರಿಲ್ ತಿಂಗಳಿಗೆ ಒಂದೂವರೆ ಟನ್ನಿನ ತ್ರೀ ಸ್ಟಾರ್ ಸೇರಿಸಿ ನೋಡಿ. ಗಂಟೆಗೆ ಅರ್ಧ ಯೂನಿಟ್ಟಿಗಿಂತ ತುಸು ಜಾಸ್ತಿ, 210 ಗಂಟೆಗೆ 131 ಯೂನಿಟ್. ಒಟ್ಟು 236. ಫೈವ್ ಸ್ಟಾರ್ ಆದರೆ 102 ಸೇರಿ 207. ಎರಡೂ ಗೆರೆ ದಾಟಿದವು. 236ಕ್ಕೆ ಹೆಚ್ಚುಕಮ್ಮಿ 1,650 ರೂಪಾಯಿ, ನಿಗದಿತ ಶುಲ್ಕ ಬೇರೆ.

ಅದೇ ಒಂದು ಟನ್ನಿನ ಎಸಿಯಾದರೆ? ತ್ರೀ ಸ್ಟಾರ್ ಸೇರಿಸಿದರೆ 194. ಗೆರೆಯ ಈಚೆಗೇ ಇದೆ, ಆದರೆ ಅಂಚಿನಲ್ಲಿ. ಮನೆಗೆ ನಾಲ್ಕು ಜನ ನೆಂಟರು ಬಂದು ಎರಡು ದಿನ ಗೀಸರ್ ಹಾಕಿದರೆ ಸಾಕು. ಒಂದು ಟನ್ನಿನ ಫೈವ್ ಸ್ಟಾರ್ ಸೇರಿಸಿದರೆ 175. ಹೆಚ್ಚುವರಿ ಎಪ್ಪತ್ತು ಯೂನಿಟ್ಟಿಗೆ 500 ರೂಪಾಯಿ ಕಟ್ಟಿದರೆ ತಿಂಗಳು ಮುಗಿಯಿತು. 236ರ ಬಿಲ್ಲಿಗೂ ಇದಕ್ಕೂ ತಿಂಗಳಿಗೆ ಸಾವಿರದ ನೂರೈವತ್ತರಷ್ಟು ಅಂತರ. ಎರಡೂವರೆ ತಿಂಗಳಿಗೆ ಸುಮಾರು ಮೂರು ಸಾವಿರ. ಹದಿನೈದು ವರ್ಷ ಎಂದಿದ್ದ ಫೈವ್ ಸ್ಟಾರ್ ಇಲ್ಲಿ ಎರಡು-ಮೂರು ಬೇಸಿಗೆಯಲ್ಲಿ ದುಡ್ಡು ತೀರಿಸಿತು. ಹುಡುಗ ಹೇಳಿದ ಮೂರು ವರ್ಷವೇ ಕೊನೆಗೆ ನಿಜವಾಯಿತು, ಅವನು ಹೇಳಿದ ಕಾರಣಕ್ಕಲ್ಲ ಅಷ್ಟೇ.

ಈ ಲೆಕ್ಕ ಎಲ್ಲ ಮನೆಗೂ ಹೊಂದುವುದಿಲ್ಲ. ಈಗಾಗಲೇ 160-170 ಯೂನಿಟ್ ಉರಿಸುವ ಮನೆ ಯಾವ ಎಸಿ ಹಾಕಿದರೂ ಬೇಸಿಗೆಯಲ್ಲಿ ಇನ್ನೂರು ದಾಟುತ್ತದೆ. ಅವರು ಮತ್ತೆ ಗಂಟೆಯ ಲೆಕ್ಕಕ್ಕೇ ಹೋಗಬೇಕು. ಐವತ್ತು-ಅರವತ್ತು ಉರಿಸುವ ಇಬ್ಬರ ಮನೆ ಒಂದು ಟನ್ನಿನ ತ್ರೀ ಸ್ಟಾರ್ ಹಾಕಿಯೂ ಗೆರೆಯೊಳಗೆ ಆರಾಮಾಗಿ ಇರುತ್ತದೆ. ಎಸಿ ಅಂಗಡಿಗೆ ಹೋಗುವಾಗ ಹಿಂದಿನ ಬೇಸಿಗೆಯ ಮೂರು ಬಿಲ್ಲು ಜೇಬಿನಲ್ಲಿರಲಿ ಎಂದು ನಾನು ಈಗ ಎಲ್ಲರಿಗೂ ಹೇಳುತ್ತೇನೆ. ಆ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂಬುದೂ ಇರುತ್ತದೆ. ಹಳೆಯ ಮನೆಗಳಲ್ಲಿ ಅದು ಒಂದೇ ಕಿಲೋವ್ಯಾಟ್ ಇದ್ದರೆ, ಎಸಿ ಹಾಕಿಸುವ ಮೊದಲು ಸೆಕ್ಷನ್ ಆಫೀಸಿಗೆ ಅರ್ಜಿ ಕೊಟ್ಟು ಹೆಚ್ಚಿಸಿಕೊಳ್ಳಬೇಕು. ನಿಗದಿತ ಶುಲ್ಕ ಕಿಲೋವ್ಯಾಟಿನ ಲೆಕ್ಕದಲ್ಲಿ ಬರುವುದರಿಂದ ಅಲ್ಲೂ ಒಂದಿಷ್ಟು ಏರುತ್ತದೆ.

ಟನ್ ಎಂದರೆ ತೂಕ ಅಲ್ಲ

"ಒಂದ್ ಟನ್ ಸಾಲಲ್ಲ ಸರ್" ಎಂದು ಹುಡುಗ ಹಟ ಹಿಡಿದ. ಟನ್ ಎಂದರೇನು ಎಂದು ಭಾವನವರು ಕೇಳಿದ್ದಕ್ಕೆ ಡಬ್ಬಿಯನ್ನು ಮುಟ್ಟಿ ತೋರಿಸಿದ. ಟನ್ನಿಗೂ ಆ ಡಬ್ಬಿಯ ತೂಕಕ್ಕೂ ಸಂಬಂಧವಿಲ್ಲ. ಯಂತ್ರ ಬರುವ ಮೊದಲು ಜಗತ್ತು ತಂಪಿಗೆ ನಂಬಿದ್ದು ಐಸನ್ನು. ಅಮೆರಿಕದ ಸರೋವರಗಳಲ್ಲಿ ಚಳಿಗಾಲದಲ್ಲಿ ಕೊಯ್ದ ಐಸನ್ನು ಹಡಗಿಗೆ ತುಂಬಿ 1833ರಲ್ಲಿ ಕಲ್ಕತ್ತಕ್ಕೆ ತಂದಿದ್ದರು. ಮದರಾಸಿನ ಕಡಲ ದಂಡೆಯ ಐಸ್ ಹೌಸ್ ಅದೇ ವ್ಯಾಪಾರದ ಗೋದಾಮು. ಒಂದು ಟನ್ ಐಸು ಇಪ್ಪತ್ನಾಲ್ಕು ಗಂಟೆಯಲ್ಲಿ ಕರಗುತ್ತ ಎಷ್ಟು ಬಿಸಿ ಹೀರುತ್ತದೋ ಅಷ್ಟನ್ನು ಹೀರಬಲ್ಲ ಯಂತ್ರ ಒಂದು ಟನ್ನಿನದು. ಈಗಿನ ಲೆಕ್ಕದಲ್ಲಿ ಸುಮಾರು ಮೂರೂವರೆ ಕಿಲೋವ್ಯಾಟ್.

ಹತ್ತು-ಹನ್ನೊಂದು ಅಡಿಯ ರೂಮಿಗೆ, ಇಬ್ಬರು ಮಲಗುವುದಕ್ಕೆ, ಅಷ್ಟು ಸಾಕು. ಹತ್ತು-ಹದಿನೈದರ ಹಾಲಿಗೆ ಒಂದೂವರೆ ಬೇಕಾಗುತ್ತದೆ. ಆದರೆ ಮೇಲೆ ಇನ್ನೊಂದು ಮಹಡಿ ಇಲ್ಲದ, ನೇರ ಆರ್‌ಸಿಸಿ ಕೆಳಗಿರುವ ರೂಮಾದರೆ ಹುಡುಗನ ಮಾತಿನಲ್ಲೂ ಸತ್ಯವಿದೆ. ಲೇಬಲ್ಲಿನ ಲೆಕ್ಕದಲ್ಲಿ ಹೊರಗೆ ತಂಪಾದರೆ ಎಸಿಯ ಕೆಲಸ ಹಗುರಾಗಬೇಕು. ನಮ್ಮ ಮನೆಗಳಲ್ಲಿ ಹೊರಗೆ ತಂಪಾದ ಮೇಲೂ ಸೂರು ಕಾಯುತ್ತಲೇ ಇರುತ್ತದೆ. ಐದಿಂಚು ಕಾಂಕ್ರೀಟು ಮಧ್ಯಾಹ್ನ ಕುಡಿದ ಬಿಸಿಲನ್ನು ಸಂಜೆಯಿಂದ ನಡುರಾತ್ರಿವರೆಗೆ ಒಳಗೆ ಕಕ್ಕುತ್ತದೆ. ಚಿತ್ರದುರ್ಗದ ಕೋಟೆಯ ಬುಡದ ಬೀದಿಗಳಲ್ಲಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅವರ ಬೆನ್ನಿಗೆ ಬಂಡೆಯ ಬೆಟ್ಟವೇ ಇದೆ. ಕತ್ತಲಾದ ಮೇಲೆ ಬಂಡೆಗೆ ಕೈಯಿಟ್ಟರೆ ಜ್ವರ ಬಂದ ಮೈ ಮುಟ್ಟಿದ ಹಾಗಿರುತ್ತದೆ.

ಇನ್ವರ್ಟರ್ ಎಸಿ ಎಂಬ ಹೆಸರು ನಮ್ಮ ಕಡೆ ಮಾಡಿರುವ ಗೊಂದಲ ಸಣ್ಣದಲ್ಲ. ಕರೆಂಟ್ ಹೋದಾಗ ಮನೆಯ ಬ್ಯಾಟರಿ ಇನ್ವರ್ಟರಿನಲ್ಲಿ ಓಡುವ ಎಸಿ ಎಂದುಕೊಂಡು ತಗೊಂಡವರನ್ನು ನಾನೇ ಕಂಡಿದ್ದೇನೆ. ಹಾಗಲ್ಲ. ಹಳೆಯ ಎಸಿ ಕಾಲುವೆ ನೀರು ಬಿಟ್ಟ ಹಾಗೆ: ಬಿಟ್ಟರೆ ಪೂರ್ತಿ, ಕಟ್ಟಿದರೆ ಪೂರ್ತಿ. ರೂಮು ತಣ್ಣಗಾದ ಕೂಡಲೇ ಕಂಪ್ರೆಸರ್ ನಿಲ್ಲುತ್ತದೆ, ಬಿಸಿಯಾದರೆ ಮತ್ತೆ ದಡಕ್ಕನೆ ಶುರು. ಇನ್ವರ್ಟರ್ ಎಸಿ ಹನಿ ನೀರಾವರಿಯ ಜಾತಿ. ರೂಮು ತಣ್ಣಗಾದ ಮೇಲೆ ನಿಲ್ಲದೆ, ಬೇಕಾದಷ್ಟೇ ನಿಧಾನಕ್ಕೆ ಓಡುತ್ತದೆ. ಹೊಸದುರ್ಗದ ತೆಂಗಿನ ತೋಟದವರಿಗೆ ಹೀಗೆ ಹೇಳಿದರೆ ಒಂದೇ ಮಾತಿಗೆ ತಿಳಿಯುತ್ತದೆ. ಏಳು ಗಂಟೆ ಒಂದೇ ಸಮ ಓಡಿಸುವ ರಾತ್ರಿಯ ಬಳಕೆಗೆ ಇದೇ ಸರಿ. ಅರ್ಧ ಗಂಟೆ ಹಾಕಿ ಆರಿಸುವವರಿಗೆ ಲಾಭ ಅಷ್ಟಕ್ಕಷ್ಟೆ.

ಮಾಳಿಗೆ ಮರೆತದ್ದು

ಹೊಸದುರ್ಗದ ಹತ್ತಿರದ ಹಳ್ಳಿಯಲ್ಲಿ ನಮ್ಮ ಅಜ್ಜನದು ಮಾಳಿಗೆ ಮನೆ. ಮೊಳದಷ್ಟು ದಪ್ಪದ ಕಲ್ಲು-ಮಣ್ಣಿನ ಗೋಡೆ. ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಕಡ್ಡಿ-ಸೊಪ್ಪು, ಅದರ ಮೇಲೆ ಅಡಿಗಟ್ಟಲೆ ಮಣ್ಣು, ಎಲ್ಲಕ್ಕೂ ಮೇಲೆ ಕರಲು. ಮುಂಗಾರಿಗೆ ಮುಂಚೆ ಗಾಡಿಯಲ್ಲಿ ಕರಲು ಮಣ್ಣು ತಂದು ಮಾಳಿಗೆಗೆ ಹಾಕಿ ತುಳಿಯುವುದು ಆ ಮನೆಯ ವಾರ್ಷಿಕ ಕೆಲಸ. ತಲೆಗೆಲ್ಲ ಮಣ್ಣು ಬಿತ್ತೆಂದು ಅಜ್ಜಿ ಇಡೀ ದಿನ ಬೈಯುತ್ತಿದ್ದಳು. ಗವಾಕ್ಷಿಯಿಂದ ಒಂದು ಕೋಲು ಬಿಸಿಲು ನಡುಮನೆಗೆ ಇಳಿದು, ಹೊತ್ತು ಸರಿದ ಹಾಗೆ ನೆಲದ ಮೇಲೆ ನಡೆಯುತ್ತಿತ್ತು. ಏಪ್ರಿಲಿನ ಮಧ್ಯಾಹ್ನ ಹೊರಗಿನಿಂದ ಒಳಗೆ ಕಾಲಿಟ್ಟರೆ ಬಾವಿಯ ಮೆಟ್ಟಿಲು ಇಳಿದಂತಾಗುತ್ತಿತ್ತು.

ಚೇಳು ಬೀಳುತ್ತಿತ್ತು, ಮಳೆ ಹಿಡಿದರೆ ಸೋರುತ್ತಿತ್ತು, ಒಂದು ವರ್ಷ ಕರಲು ಹಾಕುವುದು ತಪ್ಪಿದರೆ ಮಾಳಿಗೆ ಕುಸಿಯುವ ಭಯ. ಆ ಮನೆಗೆ ವಾಪಸ್ ಹೋಗೋಣ ಎಂದು ಹೇಳುವಷ್ಟು ಮರೆವು ನನಗಿಲ್ಲ. ಆದರೆ ಅದರ ಸೂರು ಬಿಸಿಲನ್ನು ಒಳಗೆ ಬಿಡುತ್ತಿರಲಿಲ್ಲ. ಚಿತ್ರದುರ್ಗದ ಚಂದ್ರವಳ್ಳಿಯ ಅಂಕಲಿ ಮಠದ ಗುಹೆಗಳಿಗೆ ಬೇಸಿಗೆಯಲ್ಲಿ ಇಳಿದವರಿಗೂ ಇದೇ ಅನುಭವ. ಮೇಲಿನ ಬಂಡೆ ಎಷ್ಟು ಕಾದರೂ ಆಳದಲ್ಲಿ ವರ್ಷವಿಡೀ ಒಂದೇ ಹದ. ಮಣ್ಣಿನ ಮಾಳಿಗೆ ತೆಗೆದು ಆರ್‌ಸಿಸಿ ಹಾಕಿದಾಗ ಸೋರುವುದು ನಿಂತಿತು, ಬಿಸಿಲು ಸೋರಲು ಶುರುವಾಯಿತು.

ಹೀಗಾಗಿ ಅಕ್ಕನಿಗೆ ನಾನು ಹಾಕಿದ ಷರತ್ತು ಒಂದೇ. ಒಂದು ಟನ್ ಸಾಕಾಗಬೇಕಾದರೆ ಎಸಿಗೆ ಮೊದಲು ತಾರಸಿ. ಬಿಸಿಲಿಗೆ ಬಿದ್ದ ಬರೀ ಕಾಂಕ್ರೀಟಿನ ಮೈ ಮಧ್ಯಾಹ್ನ 60 ಡಿಗ್ರಿ ಮುಟ್ಟುತ್ತದೆ. ಬಿಳಿ ಬಳಿದರೆ ಅದು ಹದಿನೈದು-ಇಪ್ಪತ್ತು ಡಿಗ್ರಿ ಇಳಿಯುತ್ತದೆ, ಒಳಗೆ ಎರಡರಿಂದ ಐದು ಡಿಗ್ರಿಯಷ್ಟು. ಅಹಮದಾಬಾದಿನಲ್ಲಿ, ಹೈದರಾಬಾದಿನಲ್ಲಿ ಬಡವರ ಬಡಾವಣೆಗಳ ಸೂರುಗಳಿಗೆ ಬಿಳಿ ಬಳಿದು ನೋಡಿದ್ದಾರೆ. ತೆಲಂಗಾಣ ಸರ್ಕಾರ 2023ರಲ್ಲಿ ತಂಪು ಸೂರಿಗೆಂದೇ ಒಂದು ನೀತಿ ತಂದಿತು. ಕಂಪನಿಗಳ ಬಿಸಿಲು ತಡೆಯುವ ಬಣ್ಣ ಸಿಗುತ್ತದೆ. ದುಡ್ಡು ಇಲ್ಲದವರು ಸುಣ್ಣಕ್ಕೆ ಒಂದಿಷ್ಟು ಅಂಟು ಕಲಸಿ ಬಳಿದರೂ ಒಂದು ಬೇಸಿಗೆ ಬರುತ್ತದೆ, ಮಳೆಗೆ ತೊಳೆದು ಹೋಗುತ್ತದೆ, ಮುಂದಿನ ವರ್ಷ ಮತ್ತೆ ಬಳಿಯುವುದು. ಕರಲು ಹಾಕಿದ ಹಾಗೆಯೇ. ಹೊಸದುರ್ಗ, ಹೊಳಲ್ಕೆರೆ ಕಡೆಯವರಿಗೆ ಇನ್ನೂ ಸಸ್ತಾ ದಾರಿ ಇದೆ: ತೆಂಗಿನ ಗರಿಯ ಚಪ್ಪರ. ತಾರಸಿಗೆ ಮೂರಡಿ ಮೇಲೆ ಗಾಳಿ ಆಡುವ ಹಾಗೆ ಹಾಕಿದರೆ ಬಣ್ಣಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಜೂನಿನ ಗಾಳಿಗೆ ಮುಂಚೆ ಬಿಚ್ಚುವುದು ಮರೆತರೆ ಚಪ್ಪರ ಪಕ್ಕದ ಮನೆಯವರದಾಗುತ್ತದೆ.

ಕೂಲರ್ ಬಗ್ಗೆ ಎರಡು ಮಾತು. ಮಾರ್ಚ್-ಏಪ್ರಿಲಿನ ಒಣ ಹವೆಗೆ ನಮ್ಮ ಜಿಲ್ಲೆಯಲ್ಲಿ ಕೂಲರ್ ನಿಜಕ್ಕೂ ಚೆನ್ನಾಗಿ ನಡೆಯುತ್ತದೆ, ಕರೆಂಟೂ ಎಸಿಯ ಮೂರನೇ ಒಂದು ಪಾಲು. ಮೇ ತಿಂಗಳಲ್ಲಿ ನಾಲ್ಕು ಮಳೆ ಬಿದ್ದು ಗಾಳಿ ಹಸಿಯಾದ ಮೇಲೆ ಅದು ಬರೀ ಒದ್ದೆ ಫ್ಯಾನು. ಅದಕ್ಕಿಂತ ದೊಡ್ಡ ತೊಂದರೆ ನೀರಿನದು. ನಮ್ಮ ಬೋರಿನ ಗಡಸು ನೀರಿಗೆ ಒಂದೇ ತಿಂಗಳಲ್ಲಿ ಪ್ಯಾಡಿನ ಮೇಲೆ ಬಿಳಿ ಉಪ್ಪು ಕಟ್ಟಿ ಗಾಳಿಯೇ ಬರದಂತಾಗುತ್ತದೆ. ಟ್ಯಾಂಕರ್ ನೀರು ಕೊಳ್ಳುವ ಬೀದಿಯಲ್ಲಿ ದಿನಕ್ಕೆ ನಾಲ್ಕೈದು ಕೊಡ ಕೂಲರಿಗೆ ಸುರಿಯುವುದು ಯಾರ ಮನಸ್ಸಿಗೂ ಒಗ್ಗುವುದಿಲ್ಲ.

ಗೋಡೆಯ ಆಚೆ

ಎಸಿ ಕೊಳ್ಳುವುದು ಅರ್ಧ ಕೆಲಸ, ಕೂರಿಸುವುದು ಇನ್ನರ್ಧ. ಇದು ನನ್ನ ಮನೆಯಲ್ಲೇ ದಂಡ ತೆತ್ತು ಕಲಿತದ್ದು. ಕೂರಿಸಲು ಬಂದವರು ಪೈಪು ಉಳಿಸಲೆಂದು ಔಟ್‌ಡೋರ್ ಯೂನಿಟ್ಟನ್ನು ಪಡುವಣ ಗೋಡೆಗೆ, ಸಜ್ಜೆಯ ಮೂಲೆಗೆ ತಗುಲಿಸಿ ಹೋದರು. ಮಧ್ಯಾಹ್ನದ ಮೇಲೆ ಬಿಸಿಲು ನೇರ ಅದರ ಮೇಲೆ. ಅದು ಉಗುಳಿದ ಬಿಸಿ ಗಾಳಿ ಮೂಲೆಗೆ ಬಡಿದು ಮತ್ತೆ ಅದಕ್ಕೇ ವಾಪಸ್. ಒಳಗಿನ ಬಿಸಿಯನ್ನು ಹೊರಗೆ ಹಾಕಬೇಕಾದ ಯಂತ್ರ ತನ್ನ ಉಸಿರನ್ನೇ ತಾನು ಕುಡಿಯುತ್ತ ಕೂತಿತ್ತು. ಮರುವರ್ಷ ತಂಪು ಕಡಿಮೆಯಾದಾಗ ಬಂದ ಮೆಕ್ಯಾನಿಕ್ "ಗ್ಯಾಸ್ ಖಾಲಿ ಆಗೈತೆ, ವರ್ಷಕ್ಕೊಂದ್ಸಲ ತುಂಬಿಸ್ಬೇಕು" ಎಂದು ಮೂರು ಸಾವಿರ ತಗೊಂಡ. ಗ್ಯಾಸು ಸ್ಕೂಟರಿನ ಪೆಟ್ರೋಲಿನ ಹಾಗೆ ಉರಿದು ಹೋಗುವುದಲ್ಲ, ಪೈಪಿನೊಳಗೇ ಸುತ್ತುವುದು. ಖಾಲಿಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಬೆಸುಗೆಯಲ್ಲಿದ್ದ ಆ ಸೋರಿಕೆ ಕಂಡುಹಿಡಿದದ್ದು ಆಮೇಲೆ ಬಂದ ಮೂರನೇ ಮೆಕ್ಯಾನಿಕ್, ಸೋಪಿನ ನೊರೆ ಹಚ್ಚಿ ಗುಳ್ಳೆ ಬರುವುದನ್ನು ತೋರಿಸಿ. ಈಗ ಹೆಚ್ಚಿನ ಹೊಸ ಎಸಿಗಳಲ್ಲಿರುವುದು ಆರ್-32 ಗ್ಯಾಸು. ಹಳೆಯ ಆರ್-410ಎಗಿಂತ ಭೂಮಿ ಬಿಸಿ ಮಾಡುವುದು ಮೂರನೇ ಒಂದು ಪಾಲು, ಆದರೂ ಗಾಳಿಗೆ ಬಿಟ್ಟರೆ ಅದೇನೂ ಸಾಧು ಅಲ್ಲ.

ಹೊಳಲ್ಕೆರೆ ಕಡೆಯ ಅಡಿಕೆ ತೋಟದಲ್ಲಿ ಮನೆ ಕಟ್ಟಿಕೊಂಡಿರುವ ಗೆಳೆಯನ ತಾಪತ್ರಯ ಬೇರೆಯದು. ನಿರಂತರ ಜ್ಯೋತಿ ಯೋಜನೆಯಲ್ಲಿ ಊರೊಳಗಿನ ಮನೆಗಳಿಗೆ ಪಂಪ್‌ಸೆಟ್ಟಿನಿಂದ ಬೇರೆಯಾದ ಲೈನು ಬಂತು. ಎಷ್ಟೋ ತೋಟದ ಮನೆಗಳು ಪಂಪಿನ ಲೈನಿನಲ್ಲೇ ಉಳಿದವು. ಸುತ್ತಲಿನ ಬೋರುಗಳೆಲ್ಲ ಒಟ್ಟಿಗೆ ಎತ್ತಿದರೆ ಅವನ ಮನೆಯ ವೋಲ್ಟೇಜು 170ಕ್ಕೆ ಬೀಳುತ್ತದೆ. 'ಸ್ಟೆಬಿಲೈಸರ್ ಬೇಡ' ಎಂದು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿರುತ್ತದೆ, ಎಷ್ಟು ವೋಲ್ಟಿನಿಂದ ಎಷ್ಟರವರೆಗೆ ಎಂಬುದು ಸಣ್ಣಕ್ಷರದಲ್ಲಿ. ಆ ಕೆಳಗಿನ ಅಂಕಿಯನ್ನು ನಮ್ಮ ಮನೆಯ ಅತಿ ಕೆಟ್ಟ ಗಂಟೆಯ ವೋಲ್ಟೇಜಿನ ಜೊತೆ ಹೋಲಿಸಬೇಕು. ಗೆಳೆಯ ಸ್ಟೆಬಿಲೈಸರೂ ತಗೊಂಡ, ಅರ್ತಿಂಗೂ ಹೊಸದಾಗಿ ತೋಡಿಸಿದ. "ನಮ್ಮ ಹೊಳಲ್ಕೆರೆಯ ಬಯಲು ಗಣಪನೇ ಪುಣ್ಯವಂತ ಕಣಯ್ಯ, ಸೂರೂ ಇಲ್ಲ, ಸೆಕೆಯೂ ಇಲ್ಲ" ಎಂಬುದು ಅವನ ಮಾತು.

ಇನ್ನುಳಿದದ್ದು ರಿಮೋಟು. 2020ರ ಜನವರಿಯಿಂದ ಎಲ್ಲ ಎಸಿಗಳೂ ಹಾಕಿದ ಕೂಡಲೇ 24 ಡಿಗ್ರಿಯಲ್ಲಿ ಶುರುವಾಗಬೇಕೆಂಬ ನಿಯಮವಿದೆ. ನಮ್ಮ ಜನ ತಕ್ಷಣ 18ಕ್ಕೆ ಇಳಿಸಿ ಕಂಬಳಿ ಹೊದೆಯುತ್ತಾರೆ. 18 ಇಟ್ಟರೆ ಬೇಗ ತಣ್ಣಗಾಗುತ್ತದೆ ಎಂಬುದು ಬಹುಮಟ್ಟಿಗೆ ಭ್ರಮೆ. ಅದು ಎಲ್ಲಿ ನಿಲ್ಲಬೇಕು ಎಂಬ ಗುರುತಷ್ಟೆ. ಒಂದೊಂದು ಡಿಗ್ರಿ ಮೇಲೆ ಇಟ್ಟಷ್ಟೂ ಸುಮಾರು ಶೇ 6 ಕರೆಂಟು ಉಳಿಯುತ್ತದೆ ಎನ್ನುತ್ತದೆ ಬಿಇಇ. 26 ಇಟ್ಟು ಮೇಲೆ ಫ್ಯಾನು ಎರಡರಲ್ಲಿ ತಿರುಗಿದರೆ ಮೈಗೆ 24ರ ಹಾಗೇ ಇರುತ್ತದೆ. ಆ ಫ್ಯಾನು 75 ವ್ಯಾಟಿನ ಹಳೆಯದಾಗಿದ್ದರೆ ತೆಗೆದು 30 ವ್ಯಾಟಿನ ಬಿಎಲ್‌ಡಿಸಿ ಹಾಕಿ. ಎಸಿಯೇ ಬೇಡ ಎನ್ನುವವರಿಗೂ ಇದು ಹೊಂದುತ್ತದೆ, ಏಕೆಂದರೆ ಫ್ಯಾನು ವರ್ಷವಿಡೀ ತಿರುಗುತ್ತದೆ. ಹಿರಿಯೂರಿನಂಥ ಹೆದ್ದಾರಿ ಊರಿನ ಧೂಳಿಗೆ ಎಸಿಯ ಫಿಲ್ಟರು ಹದಿನೈದು ದಿನಕ್ಕೊಮ್ಮೆ ನಲ್ಲಿಯ ಕೆಳಗೆ ಹೋಗಬೇಕು. ಅಕ್ಕ ಮೊದಲ ಸಲ ತೊಳೆದಾಗ ಇಳಿದ ಕೆಂಪು ನೀರು ನೋಡಿ, "ಇದೆಲ್ಲಾ ನಮ್ ಎದೆಗೆ ಹೋಗ್ತಿತ್ತೇನೋ" ಎಂದಳು.

ಕೊನೆಗೆ ಅಕ್ಕ-ಭಾವ ತಗೊಂಡದ್ದು ಒಂದು ಟನ್ನಿನ ಫೈವ್ ಸ್ಟಾರ್. ಎಸಿ ಕೂರಿಸುವ ಮುಂಚಿನ ಭಾನುವಾರ ಭಾವನವರೂ ಮಗನೂ ಸೇರಿ ತಾರಸಿಗೆ ಎರಡು ಕೈ ಬಿಳಿ ಬಳಿದರು. ಮೇ ತಿಂಗಳ ರೀಡಿಂಗಿಗೆ ಮೀಟರಿನವನು ಬಂದಾಗ ಭಾವನವರು ಗೇಟಿನ ಹತ್ತಿರವೇ ಕಾದಿದ್ದರಂತೆ. 183. ಚೀಟಿಯನ್ನು ಫೋಟೊ ತೆಗೆದು ನನಗೆ ಕಳಿಸಿದರು, ಮಗಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕಳಿಸಿದಷ್ಟೇ ಹೆಮ್ಮೆಯಿಂದ.

ಹಿರಿಯೂರಿನಿಂದ ವಾಪಸಾಗುವಾಗ ಬಸ್ಸಿನ ಕಿಟಕಿಯಿಂದ ಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣುತ್ತವೆ. ಏಪ್ರಿಲಿನಲ್ಲಿ ನೋಡಿ, ಊರೆಲ್ಲ ಎಸಿ ಓಡಿಸುವ ಹೊತ್ತಿಗೆ ಅವುಗಳ ರೆಕ್ಕೆಗಳು ಆಲಸ್ಯದಲ್ಲಿ ನಿಂತಿರುತ್ತವೆ. ಜಿಲ್ಲೆಯ ಗಾಳಿ ವಿದ್ಯುತ್ತು ಭರಾಟೆಯಿಂದ ಹುಟ್ಟುವುದು ಮುಂಗಾರಿನಲ್ಲಿ, ಯಾರಿಗೂ ಎಸಿ ಬೇಡವಾದಾಗ. ಹೋದ ಜೂನಿನಲ್ಲಿ ಅಕ್ಕನ ಮನೆಗೆ ಹೋದೆ. ಕಿಟಕಿಗಳೆಲ್ಲ ತೆರೆದಿದ್ದವು, ಪರದೆ ಸೂರಿಗೆ ತಾಗುವಂತೆ ಹಾರುತ್ತಿತ್ತು. ಎಸಿಗೆ ಹಳೆಯ ಪಂಚೆಯೊಂದನ್ನು ಹೊದಿಸಿದ್ದರು. ಭಾವನವರು ಟಿವಿ ರಿಮೋಟಿನ ಬೆನ್ನು ಬಿಚ್ಚಿ, ಎಸಿ ರಿಮೋಟಿನ ಎರಡೂ ಸೆಲ್ಲು ತೆಗೆದು ಅದಕ್ಕೆ ಹಾಕುತ್ತಿದ್ದರು.